ದಳವಾಯಿಯ ಬಾಯೊಳಗೆ ಏನಿತ್ತು?

ಕಳೆದ ತಿಂಗಳ ಒಂದು ಸೋಮವಾರ. ಬೆಳಿಗ್ಗೆ ಏಳೂವರೆ. ಬ್ರಷ್ ಬಾಯಲ್ಲಿಟ್ಟುಕೊಂಡೇ ಮುಂಬಾಗಿಲು ತೆಗೆದೆ. ಕಾಂಪೌಂಡ್ ಗೋಡೆಯ ಮೇಲೆ ಅವನು ಕೂತಿದ್ದ.

ನಾನು ಬ್ರಷ್ ಕಚ್ಚಿಬಿಟ್ಟೆ. (ಸುಳ್ಳಲ್ಲ, ಗುರುತು ಈಗಲೂ ಇದೆ.) ಯಾಕೆಂದರೆ ಹತ್ತೊಂಬತ್ತು ದಿನಗಳ ಹಿಂದೆ ಇದೇ ನಾನು, ಇದೇ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ, ಸ್ಕೂಟರಿನಲ್ಲಿ ಭರಮಸಾಗರಕ್ಕೆ ಒಯ್ದು, ಅಲ್ಲಿಯ ದೊಡ್ಡ ಕೆರೆಯ ಏರಿ ದಾಟಿಸಿ ಬಿಟ್ಟು ಬಂದಿದ್ದೆ. ಚಿತ್ರದುರ್ಗದಿಂದ ಭರಮಸಾಗರ ಪಕ್ಕದ ಬೀದಿಯಲ್ಲ. ಬಸ್ಸಿನಲ್ಲಿ ಕೂತರೆ ಒಂದು ಸಣ್ಣ ನಿದ್ದೆ ಆಗುತ್ತದೆ. ನಡುವೆ ಹೊಲ, ಹಳ್ಳ, ಪ್ರತಿ ಊರಿನ ನಾಯಿಗಳು. ಇಪ್ಪತ್ತನಾಲ್ಕು ಗಂಟೆ ಲಾರಿ ಓಡುವ ಹೈವೇ.

ಅಷ್ಟನ್ನೂ ನಡೆದು ಬಂದಿದ್ದ. ಯಾರನ್ನು ದಾರಿ ಕೇಳಿದ? ಏನು ತಿಂದ? ಹೈವೇ ಎಲ್ಲಿ ದಾಟಿದ?

"ಬಂದ್ಯಾ?" ಎಂದೆ.

ಅವನು ಮುಂಗಾಲು ನೆಕ್ಕಿಕೊಂಡ.

ಈ ಅಂಕಣದ ಹಳೆಯ ಓದುಗರಿಗೆ ನಮ್ಮ ಮನೆಯ ಬೆಕ್ಕುಗಳು ಗೊತ್ತು. ಹೊಸಬರಿಗೆ ಎರಡೇ ಮಾತು. ಬೂದಿ ಎಂಬುವಳು ಹೆಣ್ಣು, ಬಣ್ಣವೂ ಬೂದಿ. ಪೈಲ್ವಾನ ಗಂಡು, ಹೆಸರಿಗೆ ಮಾತ್ರ ಪೈಲ್ವಾನ; ಜಿರಲೆ ಕಂಡರೆ ಎರಡು ಹೆಜ್ಜೆ ಹಿಂದೆ ಹೋಗುತ್ತಾನೆ. ಇಬ್ಬರೂ ಮನೆಯೊಳಗೆ ಬೆಳೆದವರಲ್ಲ. ಅಂಗಳ, ಟೆರೇಸು, ಹಿತ್ತಲಿನ ಹಿಂದಿರುವ ಬಂಡೆಗಳು, ಇವೇ ಅವರ ಮನೆ. ಊಟಕ್ಕೆ ಮಾತ್ರ ನಮ್ಮ ಬಾಗಿಲು. ನಮ್ಮದು ಸಸ್ಯಾಹಾರಿಗಳ ಮನೆಯಾದ್ದರಿಂದ ಮೊಸರನ್ನ, ಹಾಲು. ಇಲಿ ಬೇಕೆಂದರೆ ಅವರೇ ನೋಡಿಕೊಳ್ಳಬೇಕು.

ಈ ಸುಖಸಂಸಾರದೊಳಗೆ ಚಳಿಗಾಲದ ಒಂದು ಮಧ್ಯಾಹ್ನ ಅವನು ಕಾಲಿಟ್ಟ. ಹಿರಿಯೂರಿನ ಮಂಡಿಯಲ್ಲಿ ಆರಿಸಿ ತಂದ ತೆಂಗಿನಕಾಯಿಯಂಥ ತಲೆ. ಕೊಳಕು ಹಳದಿ ಮೈ. ಎಡಗಿವಿ ಅರ್ಧ ಇಲ್ಲ. ಎಡಗಣ್ಣು ಯಾವಾಗಲೂ ಅರೆಮುಚ್ಚಿದ್ದು, ನಮ್ಮನ್ನೆಲ್ಲ ತಾತ್ಸಾರದಿಂದ ನೋಡಿದ ಹಾಗೆ. ಗೋಡೆಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ಬಂದ. ಅವಸರವೇ ಇಲ್ಲ.

ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆಯೆತ್ತಿ ನೋಡಿದಳು. "ಏನ್ ಠೀವಿ ಐತಲೇ ಇದಕ್ಕೆ! ದಳವಾಯಿ ಬಂದಂಗ್ ಬಂತು" ಎಂದಳು.

ಅವತ್ತಿನಿಂದ ಅವನ ಹೆಸರು ದಳವಾಯಿ.

ದಳವಾಯಿ ಯಾರನ್ನೂ ಓಡಿಸಿಕೊಂಡು ಹೋಗುತ್ತಿರಲಿಲ್ಲ. ಮೇಲೆ ಬೀಳುತ್ತಿದ್ದುದೂ ಅಪರೂಪ. ಗೋಡೆಯ ಮೇಲೆ ನಿಂತು ಒಂದು ಸದ್ದು ತೆಗೆಯುತ್ತಿದ್ದ, ಅಷ್ಟೇ. ಹಳೆಯ ಹಿಟ್ಟಿನ ಗಿರಣಿ ಶುರುವಾದ ಹಾಗೆ ಹೊಟ್ಟೆಯ ತಳದಿಂದ ಹೊರಡುವ ಸದ್ದು. ಪೈಲ್ವಾನ ಬಟ್ಟಲು ಬಿಟ್ಟು ನೀರಿನ ಟ್ಯಾಂಕಿನ ಹಿಂದೆ ಸೇರಿಕೊಳ್ಳುತ್ತಿದ್ದ. ಅಕ್ಕಪಕ್ಕದ ಮನೆಗಳ ಬೆಕ್ಕುಗಳು ಮಾಯ. ಒಮ್ಮೆ ಬೀದಿನಾಯಿಯೊಂದು ಆ ಸದ್ದು ಕೇಳಿ, ಏನೋ ಮರೆತು ಬಂದವರಂತೆ ತಿರುಗಿ ಹೋಗಿದ್ದನ್ನು ನಾನೇ ನೋಡಿದ್ದೇನೆ.

(ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ನನಗೂ ಗಂಟಲಿದೆ. ಆದರೆ ಅದು ಒಂಬತ್ತನೇ ತರಗತಿಯ ಗೋಡೆಗಳಾಚೆ ಕೆಲಸ ಮಾಡುವುದಿಲ್ಲ. ಎದುರು ಮನೆಯ ಕಂಟ್ರಾಕ್ಟರು ಎರಡು ವರ್ಷದಿಂದ ತಮ್ಮ ಬಿಳಿ ಕಾರನ್ನು ನಮ್ಮ ಗೇಟಿಗೆ ಅಡ್ಡ ನಿಲ್ಲಿಸುತ್ತಾರೆ. ಅವರಿಗೆ ದಪ್ಪ ಮೀಸೆ ಇದೆ. ನಾನು ಎರಡು ವರ್ಷದಿಂದ ಸ್ಕೂಟರನ್ನು ಓರೆ ಮಾಡಿ ತೆಗೆಯುತ್ತೇನೆ.)

ಇಷ್ಟೇ ಆಗಿದ್ದರೆ ದಳವಾಯಿಯನ್ನೂ ಸಹಿಸಿಕೊಳ್ಳುತ್ತಿದ್ದೆವು. ಆದರೆ ಫೆಬ್ರವರಿಯಲ್ಲಿ ಬೂದಿ ನಾಲ್ಕು ಮರಿ ಹಾಕಿದಳು. ಒಂದೇ ವಾರದಲ್ಲಿ ನಾಲ್ಕೂ ಕಾಣೆಯಾದವು. ರಕ್ತವಿಲ್ಲ, ಗುರುತಿಲ್ಲ. ಬೂದಿ ಮೂರು ದಿನ ಟೆರೇಸಿನ ಮೂಲೆ ಮೂಲೆಗೂ ಹೋಗಿ ಕೂಗಿದಳು. ಆ ಕೂಗು ಕೇಳಲಾರದೆ ನನ್ನ ಹೆಂಡತಿ ಗಿರಿಜ ಮಿಕ್ಸಿ ಹಾಕಿಕೊಂಡು ನಿಲ್ಲುತ್ತಿದ್ದಳು, ಅದರಲ್ಲಿ ರುಬ್ಬುವುದಕ್ಕೆ ಏನೂ ಇಲ್ಲದಿದ್ದರೂ.

"ಇನ್ಯಾರ ಕೆಲಸ? ಅವ್ನದೇ" ಎಂದಳು ಅವ್ವ. ನಾವೂ ಹೂಂ ಎಂದೆವು. ಗಂಡುಬೆಕ್ಕು ಮರಿಗಳನ್ನು ಕೊಲ್ಲುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ?

ಅದಾಗಿ ಸ್ವಲ್ಪ ದಿನಕ್ಕೆ ಬೂದಿಯ ಬೆನ್ನು ಬಾತುಕೊಂಡಿತು. ಕಚ್ಚಿದ ಗಾಯ ಕೀವಾಗಿತ್ತು. ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟರ್ ಮೇಡಂ ಕೂದಲು ಕತ್ತರಿಸಿ ಗಾಯ ತೊಳೆದರು.

"ಬೆಕ್ಕು ಕಚ್ಚಿದ್ರೆ ಎರಡು ತೂತು ಇರ್ತವೆ. ಇಲ್ಲಿ ಒಂದೇ ಐತಲ್ರೀ" ಎಂದರು.

"ಅರ್ಧಕ್ಕೇ ಬಿಟ್ಟಿರಬೇಕು ಮೇಡಂ" ಎಂದೆ, ದಳವಾಯಿಯ ಪರ ವಕೀಲನ ಹಾಗೆ.

"ಆ ಗಂಡನ್ನ ಹಿಡ್ಕಂಡ್ ಬರ್ರಿ. ಆಪರೇಷನ್ ಮಾಡಿದ್ರೆ ಜಗಳ ಕಮ್ಮಿ ಆಗ್ತೈತೆ. ಇವಳು ಮತ್ತೆ ಗಬ್ಬ ಆಗ್ಯಾಳೆ. ಮರಿ ಹಾಲು ಬಿಟ್ಟ ಮೇಲೆ ಇವಳಿಗೂ ಮಾಡಾಣ."

ಮತ್ತೆ ಗಬ್ಬ! ಅಂದರೆ ಇನ್ನೊಂದು ತಿಂಗಳಿಗೆ ಮತ್ತೆ ಮರಿ. ಮತ್ತೆ ಆ ಮೂರು ದಿನದ ಕೂಗು. ಈ ಸಲವಾದರೂ ಮರಿ ಉಳಿಯಬೇಕು ಎಂದು ಗಿರಿಜ ಹಟ ಹಿಡಿದಳು. ಹಟ ಅವಳದು, ಕೆಲಸ ನನ್ನದು.

ಡಾಕ್ಟರ್ ಹೇಳಿದ ದಾರಿ ಸರಿಯಾದದ್ದೇ. ಆದರೆ ಆಪರೇಷನ್ ಮಾಡಿಸಿದ ಮೇಲೆ ಅವನನ್ನು ಮತ್ತೆ ನಮ್ಮ ಬೀದಿಗೇ ಬಿಡಬೇಕಲ್ಲ? ನನಗೆ ಅವನು ಸಾಧುವಾಗುವುದು ಬೇಕಿರಲಿಲ್ಲ. ಇಲ್ಲವಾಗಬೇಕಿತ್ತು. ಹಾಗಂತ ಬೆಕ್ಕಿನ ಜೀವ ತೆಗೆದ ಪಾಪವನ್ನು ಏಳು ಜನ್ಮಕ್ಕೂ ಹೊರಲಾಗದು ಎನ್ನುವವಳು ಅವ್ವ. ಅವಳ ಬಳಿ ಬೇರೆ ಔಷಧಿ ಇತ್ತು.

"ಚೀಲದಾಗ್ ಹಾಕು. ದಾರಿಯಾಗೆ ನಿಂತು ಮೂರು ಸುತ್ತು ತಿರುಗ್ಸು, ದಿಕ್ಕು ತಪ್ತೈತೆ. ಆಮ್ಯಾಲೆ ನೀರು ದಾಟ್ಸಿ ಬಿಡು. ನೀರು ದಾಟಿದ ಬೆಕ್ಕು ಬರಂಗಿಲ್ಲ."

ನಮ್ಮ ಕಡೆ ಇದು ಎಲ್ಲರ ಮನೆಯ ಔಷಧಿ. ಎಂಥ ಓದಿದವರೂ ಬೇಡದ ಬೆಕ್ಕಿಗೆ ಇದನ್ನೇ ಮಾಡುವುದು. ಬಿ.ಎಸ್ಸಿ., ಬಿ.ಎಡ್. ಮಾಡಿದ ನಾನೂ ಸರಿ ಎಂದೆ.

ಹಿಡಿಯುವುದು ಹೇಗೆ? ಆಮಿಷಕ್ಕೆಂದು ಸಂತೆಯಿಂದ ಒಣಮೀನು ತಂದೆ. (ಅವ್ವನಿಗೆ ಗೊತ್ತಾಗದಂತೆ, ಮೂರು ಪ್ಲಾಸ್ಟಿಕ್ ಕವರಿನೊಳಗೆ. ವಾಸನೆ ನಾಲ್ಕನೆಯ ಕವರನ್ನೂ ಕೇಳುತ್ತಿತ್ತು.) ಚೀಲದ ಬಾಯಲ್ಲಿಟ್ಟೆ. ದಳವಾಯಿ ಬಂದ, ಮೂಸಿದ, ಮುಖ ತಿರುಗಿಸಿದ. ಪಕ್ಕದಲ್ಲಿದ್ದ ಬೂದಿಯ ಬಟ್ಟಲಿಗೆ ಹೋಗಿ ಮೊಸರನ್ನ ನೆಕ್ಕಿ ಖಾಲಿ ಮಾಡಿದ.

ಒಣಮೀನು ಬಿಟ್ಟು ಮೊಸರನ್ನ! ವಾಸನೆ ಹಿಡಿದು ಹೊರಬಂದಿದ್ದ ಅವ್ವನ ಸಿಟ್ಟು ಕೂಡ ಇಳಿದುಹೋಯಿತು. "ನಮ್ಮನೆ ಅನ್ನ ಉಂಡು ಬುದ್ಧಿ ಬಂದೈತೆ ನೋಡು" ಎಂದು ಕೈಮುಗಿಯುವುದೊಂದು ಬಾಕಿ.

ಮರುದಿನ ಚೀಲದೊಳಗೆ ಮೊಸರನ್ನ ಇಟ್ಟೆ. ನಾನು ಹಿಡಿಯಲೇ ಬೇಕಾಗಲಿಲ್ಲ. ತಾನೇ ನಡೆದು ಒಳಗೆ ಹೋದ. ಚೀಲದ ಬಾಯಿ ಕಟ್ಟುವಾಗ ಮಾತ್ರ ಒಮ್ಮೆ ಕೈ ಗೀರಿದ. (ಇಂಜೆಕ್ಷನ್ ಪೂರ್ತಿ ಕೋರ್ಸ್ ತೆಗೆದುಕೊಂಡಿದ್ದೇನೆ, ಓದುಗರು ಗಾಬರಿಯಾಗಬಾರದು.) ಸ್ಕೂಟರಿನ ಮುಂದೆ ಚೀಲ ಇಟ್ಟುಕೊಂಡು, ಬಿಳಿ ಕಾರಿನ ಸಂದಿಯಲ್ಲಿ ಓರೆಯಾಗಿ ನುಸುಳಿ ಹೊರಟೆ.

ಭರಮಸಾಗರದ ಹತ್ತಿರ ಗಾಡಿ ನಿಲ್ಲಿಸಿ, ಚೀಲವನ್ನು ಎದೆಗೆ ಅವುಚಿಕೊಂಡು ಮೂರು ಸುತ್ತು ತಿರುಗಿದೆ. ಅವ್ವ ಹೇಳಿದ್ದು ಚೀಲ ತಿರುಗಿಸು ಎಂದು. ಚೀಲದ ಜೊತೆ ನಾನೂ ತಿರುಗಿದ್ದೆ. ತಲೆ ಗಿರ್ರೆಂದು ದಾರಿಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಆಮೇಲೆ ಕೆರೆ ಏರಿ ದಾಟಿ, ಆಚೆ ತೋಟದ ಬದಿಯಲ್ಲಿ ಚೀಲ ಬಿಚ್ಚಿದೆ.

ಓಡಲಿಲ್ಲ ಅವನು. ಹೊರಗೆ ಬಂದ, ಮೈ ಕೊಡವಿದ, ಅರೆಮುಚ್ಚಿದ ಕಣ್ಣಿನಿಂದ ನನ್ನನ್ನು ನೋಡುತ್ತ ಕೂತ. ಓಡಿದವನು ನಾನು.

ಊರೊಳಗೆ ಟೀ ಅಂಗಡಿಯಲ್ಲಿ ಕೂತಾಗ ಅಂಗಡಿಯಾತ ನನ್ನ ಮೊಣಕಾಲ ಮೇಲಿದ್ದ ಖಾಲಿ ಗೋಣಿಚೀಲ ನೋಡಿದ. ಆಮೇಲೆ ಕೈಯ ಗೀರು ನೋಡಿದ.

"ಬೆಕ್ಕಾ?"

ನಾನು ಚೀಲವನ್ನು ಇನ್ನೂ ಸಣ್ಣದಾಗಿ ಮಡಚಿದೆ.

"ದುರ್ಗದೋರಾ? ಕುಂತ್ಕಳ್ರಿ, ಕುಂತ್ಕಳ್ರಿ, ನಾಚ್ಕಬ್ಯಾಡ್ರಿ. ನಮ್ಮೂರ ಬೆಕ್ಕನ್ನ ನಾವು ದುರ್ಗದ ಕಡೆ ಬಿಟ್ ಬರ್ತೀವಿ. ಹೋದ ವರ್ಷ ನಮ್ಮಣ್ಣ ಒಂದು ಹಳದಿ ಗಂಡನ್ನ ಬಿಟ್ ಬಂದಿದ್ದ. ಏನ್ ತಲೆ ಅಂತೀರಿ ಅದರದು!"

ನಾನು ಟೀ ಬಿಸಿ ಇದ್ದಾಗಲೇ ನುಂಗಿ ಎದ್ದೆ. ಹೊರಗೆ ಬಂದು ಗಾಡಿ ತಿರುಗಿಸಿದವನು, ಎರಡು ಮೈಲಿ ಹೋದ ಮೇಲೆ ಬೋರ್ಡು ನೋಡಿದರೆ ದಾವಣಗೆರೆಯ ಕಡೆ ಹೊರಟಿದ್ದೆ. ಮೂರು ಸುತ್ತಿಗೆ ದಿಕ್ಕು ತಪ್ಪಿದ್ದು ಯಾರಿಗೆ?

ಆಮೇಲಿನ ಹತ್ತೊಂಬತ್ತು ದಿನ ನಮ್ಮ ಅಂಗಳದಲ್ಲಿ ಶಾಂತಿಯೋ ಶಾಂತಿ. ಪೈಲ್ವಾನ ಎದೆಯುಬ್ಬಿಸಿ ಗೋಡೆಯ ಮೇಲೆ ಓಡಾಡಿದ. ಟೆರೇಸಿನ ಮೆಟ್ಟಿಲ ಕೆಳಗೆ, ಮುಚ್ಚಳ ಮುರಿದ ಹಳೆಯ ಸೂಟ್‌ಕೇಸಿನಲ್ಲಿ ಬೂದಿ ಮೂರು ಮರಿ ಹಾಕಿದಳು. ಗಿರಿಜ ದಿನಕ್ಕೆ ಹತ್ತು ಸಲ ಹೋಗಿ ಎಣಿಸಿ ಬರುತ್ತಿದ್ದಳು. ಮೂರು. ಮೂರು. ಮೂರು.

ಮತ್ತು ಆ ಸೋಮವಾರ ಅವನು ಬಂದ.

ಪಕ್ಕೆಲುಬು ಎಣಿಸಬಹುದಿತ್ತು. ಹಿಂಗಾಲು ಕುಂಟುತ್ತಿತ್ತು. ಪಾದದ ಚರ್ಮ ಕಿತ್ತುಹೋಗಿತ್ತು. ಗೋಡೆಯಿಂದ ಇಳಿಯುವುದಕ್ಕೆ ಎರಡು ಸಲ ಯೋಚಿಸಿದ. ಆದರೂ ಇಳಿದ ಮೇಲೆ ಅದೇ ನಡಿಗೆ, ಅವಸರವಿಲ್ಲದ್ದು. ನನ್ನ ಕಾಲ ಪಕ್ಕದಲ್ಲೇ ಹಾದು ಬಟ್ಟಲಿನ ಮುಂದೆ ಕೂತ. ಬಚ್ಚಲ ಕಡೆಯಿಂದ ಬಂದ ಪೈಲ್ವಾನ ಅವನನ್ನು ಕಂಡು, ಬಂದ ದಾರಿಯಲ್ಲೇ ಹಿಂದೆ ಹೋದ.

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಮೈ ಜುಮ್ಮೆಂದಿತು. ಚೀಲದೊಳಗೆ, ಕತ್ತಲಲ್ಲಿ, ಸುತ್ತು ಹಾಕಿಸಿಕೊಂಡು ಹೋದವನು. ನನಗೆ ಮೊಬೈಲಿನ ಮ್ಯಾಪ್ ಇಲ್ಲದೆ ಹೊಳಲ್ಕೆರೆಯ ಬೀಗರ ಮನೆ ಸಿಗುವುದಿಲ್ಲ. ಇವನ ತಲೆಯೊಳಗೆ ಯಾವ ದೀಪ ಉರಿಯುತ್ತಿತ್ತು?

ಅವ್ವ ಬಂದು ನೋಡಿದಳು. ತನ್ನ ಔಷಧಿ ಕೆಲಸ ಮಾಡದ್ದಕ್ಕೆ ಅವಳಿಗೆ ಬೇಜಾರಾದಂತೆ ಕಾಣಲಿಲ್ಲ. "ಹಾಲು ಬೆಚ್ಚಗೆ ಮಾಡ್ಕಂಡ್ ಬಾರವ್ವ" ಎಂದು ಗಿರಿಜಳಿಗೆ ಹೇಳಿದಳು.

ಗಿರಿಜ ಮೊದಲು ಸೂಟ್‌ಕೇಸನ್ನು ಮರಿಗಳ ಸಮೇತ ಸ್ಟೋರ್ ರೂಮಿಗೆ ಸಾಗಿಸಿ, ಬೂದಿಯನ್ನೂ ಒಳಗೆ ಬಿಟ್ಟು ಚಿಲಕ ಹಾಕಿದಳು. ಆಮೇಲೆ ಹಾಲು ತಂದಳು. "ಚೀಲದ ಆಟ ಸಾಕ್ರಿ. ಈ ಸಲ ನೆಟ್ಟಗೆ ಆಸ್ಪತ್ರೆಗೆ ಹೋಗಾಣ" ಎಂದಳು.

ಡಾಕ್ಟರ್ ಮೇಡಂ ಫೋನಿನಲ್ಲೇ, ಒಂದು ವಾರ ಚೆನ್ನಾಗಿ ಉಣ್ಣಿಸಿ ಕರೆತನ್ನಿ ಎಂದರು. ಉಣ್ಣಿಸಿದೆವು. ಮುಂದಿನ ಮಂಗಳವಾರ ಮುಚ್ಚಳದ ಬುಟ್ಟಿಯಲ್ಲಿ ಅವನನ್ನು ಕೂರಿಸಿಕೊಂಡು, ಬಿಳಿ ಕಾರಿನ ಸಂದಿಯಲ್ಲಿ ಮತ್ತೆ ಓರೆಯಾಗಿ ನುಸುಳಿ ನಾನು ಮತ್ತು ಗಿರಿಜ ಪಶು ಆಸ್ಪತ್ರೆಗೆ ಹೋದೆವು.

ಅಲ್ಲಿ ನಮಗಿಂತ ಮೊದಲೇ ಒಬ್ಬ ಅಜ್ಜ ಕೂತಿದ್ದರು. ಮದಕರಿಪುರದ ಕಡೆಯವರು, ಹೆಸರು ಈರಜ್ಜ, ಕುರಿ ಸಾಕುವವರು; ಮೊಮ್ಮಗ ನಮ್ಮ ಶಾಲೆಯಲ್ಲಿ ಓದುವುದರಿಂದ ಪರಿಚಯ. ಕಾಲಿನ ಗೊರಸು ಕೊಳೆತ ಒಂದು ಟಗರು ತಂದಿದ್ದರು. ನಮ್ಮ ಬುಟ್ಟಿಯೊಳಗಿಂದ ಗಿರಣಿ ಶುರುವಾದದ್ದೇ ತಡ, ಟಗರು ಅಜ್ಜನ ಹಿಂದೆ ಸರಿಯಿತು.

"ಏನ್ರಿ ಮೇಷ್ಟ್ರೆ ಅದ್ರಾಗೆ? ಚಿರತೆ ಮರಿನಾ?"

ನಾನು ಉತ್ಸಾಹದಿಂದ ಕಥೆಯೆಲ್ಲ ಹೇಳಿದೆ. ಬೀದಿಗೆ ಬೀದಿಯೇ ನಡುಗಿದ್ದು, ಮರಿಗಳು ಕಾಣೆಯಾದದ್ದು, ಭರಮಸಾಗರದಿಂದ ನಡೆದು ಬಂದದ್ದು. ಅಜ್ಜ ನಡುವೆ ಒಂದೇ ಪ್ರಶ್ನೆ ಕೇಳಿದರು.

"ಬಾಯಿ ನೋಡೀರಾ?"

"ಅದರ ಬಾಯಿಗೆ ಕೈ ಹಾಕೋರು ಯಾರಜ್ಜ?"

ಡಾಕ್ಟರ್ ಮೇಡಂ ಮತ್ತಿನ ಇಂಜೆಕ್ಷನ್ ಕೊಟ್ಟರು. ದಳವಾಯಿ ನಿಧಾನವಾಗಿ ತಲೆ ವಾಲಿಸಿದ. ಮಲಗಿದಾಗ ಎಷ್ಟು ಸಣ್ಣವನಾಗಿ ಕಂಡ ಎಂದರೆ, ಬೇರೆ ಬೆಕ್ಕನ್ನು ತಂದೆವೇನೋ ಎಂದು ಅನುಮಾನವಾಯಿತು. ಮೇಡಂ ಟಾರ್ಚು ಹಾಕಿ ಎಡಗಣ್ಣು ನೋಡಿದರು. "ಇದು ಕಾಣಲ್ಲ. ಬಿಳಿ ಪೊರೆ ಬಂದು ಬಾಳ ದಿನ ಆಗೈತೆ" ಎಂದರು. ಭುಜದ ಮೇಲೆ ಕೈಯಾಡಿಸಿ, ಚರ್ಮದ ಕೆಳಗೆ ಏನೋ ಗಟ್ಟಿ ಗುಂಡು ಇದೆ, ಯಾರೋ ಏರ್‌ಗನ್ನಿನಿಂದ ಛರ್ರೆ ಹೊಡೆದಿರಬೇಕು ಎಂದರು. ಆಮೇಲೆ ಎರಡು ಬೆರಳಿನಲ್ಲಿ ಬಾಯಿ ಬಿಡಿಸಿದರು. ಟಾರ್ಚನ್ನು ಇನ್ನೂ ಹತ್ತಿರ ತಂದರು.

"ಇಬ್ರೂ ಬರ್ರಿ ಇಲ್ಲಿ. ನೋಡ್ರಿ."

ನೋಡಿದೆವು.

ಒಸಡು. ಬರೀ ಒಸಡು. ನಮ್ಮ ಬೀದಿಯನ್ನು ನಾಲ್ಕು ತಿಂಗಳು ಆಳಿದ ಬಾಯಲ್ಲಿ ಮೇಲಿನ ಬಲಗಡೆ ಒಂದು ಕೋರೆಹಲ್ಲು. ಅದೂ ತುದಿ ಸವೆದದ್ದು. ಅದು ಬಿಟ್ಟರೆ ಏನೂ ಇಲ್ಲ!

ಒಂದೇ ತೂತಿನ ಗಾಯ. ಮುಟ್ಟದೆ ಬಿಟ್ಟ ಒಣಮೀನು. ಅರೆಮುಚ್ಚಿದ ಕಣ್ಣು. ಎಲ್ಲ ಸಂಖ್ಯೆಗಳೂ ಎದುರಿಗೇ ಇದ್ದವು. ಗಣಿತದ ಮೇಷ್ಟ್ರು ಕೂಡಿಸಿರಲಿಲ್ಲ.

"ಹಾಗಾದ್ರೆ ಮರಿಗಳು?" ಗಿರಿಜ ಕೇಳಿದಳು.

"ಈ ಬಾಯಾಗೆ ನಾಲ್ಕು ಮರಿ ಕಚ್ಚಿಕೊಂಡು ಹೋಗಾದು ನಂಗೆ ನಂಬಿಕೆ ಇಲ್ಲ. ನಾಯಿ ಇರ್ಬೋದು, ಹದ್ದು ಇರ್ಬೋದು. ಇವ್ನೇ ಅಂತ ಹೇಳಾಕಾಗಲ್ಲ" ಎಂದರು ಮೇಡಂ.

ಗಿರಿಜ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ನಾನು ಅವನ ಕಿತ್ತುಹೋದ ಪಾದ ನೋಡುತ್ತ ನಿಂತೆ. ಒಂದು ಕಣ್ಣು, ಒಂದು ಹಲ್ಲು, ಭುಜದಲ್ಲಿ ಒಂದು ಛರ್ರೆ. ಇಷ್ಟು ಬಂಡವಾಳದಲ್ಲಿ ಇವನು ನಾಯಿಗಳ ಊರುಗಳನ್ನು ದಾಟಿ, ಹೈವೇ ದಾಟಿ, ತನ್ನ ಗೋಡೆಗೆ ವಾಪಸ್ ಬಂದಿದ್ದ. ಹಸಿದ ದಾರಿಯಲ್ಲಿ ಇಲಿ ಸಿಕ್ಕಿದ್ದರೂ ಅಗಿಯಲು ಇವನಿಗೆ ಬಾಯಿ ಇರಲಿಲ್ಲ. ನಮ್ಮ ಮೊಸರನ್ನದ ಬಟ್ಟಲು ಅವನಿಗೆ ದಬ್ಬಾಳಿಕೆಯ ಮಾತಾಗಿರಲಿಲ್ಲ, ಜೀವದ ಮಾತಾಗಿತ್ತು. ಅದಕ್ಕಾಗಿ ಗರ್ಜಿಸಿದ. ಸದ್ದು ಸಾಲದೆ ಹೋದ ದಿನ, ಇದ್ದ ಒಂದೇ ಹಲ್ಲನ್ನು ಬಳಸಿದ.

ಬಾಗಿಲ ಬಳಿ ನಿಂತಿದ್ದ ಈರಜ್ಜ ಹತ್ತಿರ ಬಂದು ಬಗ್ಗಿ ನೋಡಿದರು. ಕುರಿಯವರಿಗೆ ಬಾಯಿ ನೋಡುವುದು ರೂಢಿ. ಹಲ್ಲು ನೋಡಿಯೇ ವಯಸ್ಸು ಹೇಳುತ್ತಾರೆ, ಬೆಲೆ ಕಟ್ಟುತ್ತಾರೆ.

"ಎರಡಲ್ಲಿನ ಟಗರು ನೋಡೀನಿ, ನಾಲ್ಕಲ್ಲಿಂದು ನೋಡೀನಿ. ಒಂದಲ್ಲಿನ ದಳವಾಯಿನ ಇವತ್ತೇ ನೋಡಿದ್ದು" ಎಂದರು. ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಊರ ಹಿರಿಯರು ಎದುರಾದಾಗ ಮಾಡುವ ಹಾಗೆ.

ಆಮೇಲೆ ನನ್ನ ಕಡೆ ತಿರುಗಿ ನಕ್ಕರು. "ಕುರಿ ಕೊಳ್ಳಾಕೆ ಹೋದಾಗ ನಾವು ಕೊಂಬು ನೋಡಾದು ಆಮ್ಯಾಲೆ. ನೀವು ಬಾಯಿ ನೋಡ್ದಲೇ ಹೆದ್ರಿಬಿಟ್ರಲ್ಲ ಮೇಷ್ಟ್ರೆ!"

ಆಪರೇಷನ್ ಆಯಿತು. ಕೆಲವು ವಾರಗಳಲ್ಲಿ ಜಗಳದ ಹುರುಪು ತಾನಾಗಿ ಇಳಿಯುತ್ತದೆ ಎಂದರು ಮೇಡಂ. ವಾಪಸ್ ಬರುವಾಗ ನನ್ನ ಚಿಂತೆ ತಿರುಗಾಮುರುಗಾ ಆಗಿತ್ತು. ಹೋಗುವಾಗ ಬೂದಿಯ ಮರಿಗಳ ಭಯ. ಬರುವಾಗ ಇವನ ಭಯ. ಇವನ ಬಾಯಲ್ಲಿ ಏನೂ ಇಲ್ಲವೆಂದು ಪೈಲ್ವಾನನಿಗೆ ಗೊತ್ತಾದರೆ? ಆ ಬೀದಿನಾಯಿಗೆ ಗೊತ್ತಾದರೆ? ಗುಟ್ಟು ಕಾಯುವುದೆಂದು ನಾನೂ ಗಿರಿಜಳೂ ಒಪ್ಪಂದ ಮಾಡಿಕೊಂಡೆವು. (ಬೆಕ್ಕುಗಳು ಈ ಅಂಕಣ ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.)

ಮೊನ್ನೆ ಭಾನುವಾರ ಬೆಳಿಗ್ಗೆ ಗಿರಿಜ ಮೊದಲ ಸಲ ಮರಿಗಳನ್ನು ಅಂಗಳಕ್ಕೆ ಬಿಟ್ಟಳು. ದಳವಾಯಿ ಗೋಡೆಯ ಮೇಲಿದ್ದ. ನಾವು ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಅವ್ವನ ಕೈಯಲ್ಲಿ ಪೊರಕೆ. ಒಂದು ಮರಿ, ಎಲ್ಲಕ್ಕಿಂತ ಸಣ್ಣದು, ನೆಟ್ಟಗೆ ಅವನ ಬಟ್ಟಲಿಗೇ ಹೋಯಿತು. ದಳವಾಯಿ ಇಳಿದು ಬಂದ. ಬೂದಿ ಬೆನ್ನು ಬಿಲ್ಲು ಮಾಡಿ ನಡುವೆ ನಿಂತಳು.

ಅವನು ಗಿರಣಿ ಶುರು ಮಾಡಿದ. ಬೂದಿ ಕದಲಲಿಲ್ಲ.

ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಅವನು ಸದ್ದು ನಿಲ್ಲಿಸಿ, ಏನೂ ಆಗಿಲ್ಲವೆಂಬಂತೆ ಕೂತು ಮುಂಗಾಲು ನೆಕ್ಕತೊಡಗಿದ. ಮರಿ ಉಂಡು ಈಚೆ ಬಂತು. ಆಗ ಎದ್ದು ಹೋಗಿ ಉಳಿದದ್ದನ್ನು ಉಂಡ. ಗಿರಿಜ ಎಣಿಸಿದಳು. ಮೂರು. ಅವ್ವ ಪೊರಕೆ ಕೆಳಗಿಟ್ಟಳು. ಪೈಲ್ವಾನ ಮಾತ್ರ ಇವತ್ತಿಗೂ ಅವನನ್ನು ಕಂಡರೆ ಟ್ಯಾಂಕಿನ ಹಿಂದೆ ಹೋಗುತ್ತಾನೆ. ಅವನಿಗೆ ಹೇಳುವವರು ಯಾರು? ನಾನಂತೂ ಹೇಳುವುದಿಲ್ಲ.

ಇದೆಲ್ಲ ಬರೆದು ಮುಗಿಸಿ ಬಚ್ಚಲ ಕನ್ನಡಿಯಲ್ಲಿ ಬಾಯಿ ತೆರೆದು ನೋಡಿಕೊಂಡೆ.

ಮೂವತ್ತೊಂದು ಹಲ್ಲುಗಳಿವೆ, ಬಿಳಿ ಕಾರು ಇನ್ನೂ ನಮ್ಮ ಗೇಟಿಗೆ ಅಡ್ಡ ನಿಂತಿದೆ.